ಸಿಟ್ಟಿನ ವಿಳಾಸ



ಮತದಾರರ ಸಿಟ್ಟು, ರಾಷ್ಟ್ರವಾದ, ವಿಶ್ವಶಾಂತಿ. ಈ ಮೂರನ್ನೂ ಒಂದೇ ಸಂಜೆಯ ಪಾಲಿಗೆ ಕೊಟ್ಟಿದ್ದೀರಿ. ಇಂಥ ದೊಡ್ಡ ಮಾತುಗಳನ್ನು ಹಿಡಿದು ಗಂಟೆಗಟ್ಟಲೆ ಭಾಷಣ ಬಿಗಿಯಬಹುದು, ಕೇಳಿದವರ ಕೈಗೆ ಮಾತ್ರ ಏನೂ ದಕ್ಕುವುದಿಲ್ಲ. ಹಾಗಾಗಿ ನಾನು ಜರ್ಮನಿಯ ಉತ್ತರ ತುದಿಯ ಒಂದು ಪ್ರಾಂತ್ಯಕ್ಕಷ್ಟೇ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಅದು ಡೆನ್ಮಾರ್ಕಿಗೆ ಅಂಟಿಕೊಂಡಿರುವ ಶ್ಲೆಸ್ವಿಗ್-ಹೋಲ್‌ಸ್ಟೈನ್. ಹಿಟ್ಲರನ ಕಥೆಯನ್ನು ನಾವೆಲ್ಲ ಬರ್ಲಿನ್ನಿನ ಕಡೆಯಿಂದ ಓದಿದವರು. ಇವತ್ತು ಕೊಟ್ಟಿಗೆಯ ಕಡೆಯಿಂದ ನೋಡೋಣ.

1928ರ ನವೆಂಬರ್ 19. ಇಟ್ಸೆಹೋ ಪಟ್ಟಣದ ಹತ್ತಿರ ಬೈಡನ್‌ಫ್ಲೆತ್ ಎಂಬ ಹಳ್ಳಿ. ತೆರಿಗೆ ಬಾಕಿ ಉಳಿಸಿಕೊಂಡ ಇಬ್ಬರು ರೈತರ ಎತ್ತುಗಳನ್ನು ಜಪ್ತಿ ಮಾಡಲು ಅಧಿಕಾರಿ ಬಂದಿದ್ದಾನೆ. ಊರವರು ಬೆಂಕಿ ಬಿದ್ದಾಗ ಊದುವ ಕೊಂಬು ಊದಿ ಜನ ಸೇರಿಸಿದರು, ದಾರಿಗೆ ಅಡ್ಡವಾಗಿ ಹುಲ್ಲು ಸುರಿದು ಬೆಂಕಿ ಹಚ್ಚಿದರು. ಉರಿ ಕಂಡು ಬೆದರಿದ ಎತ್ತುಗಳು ಹಗ್ಗ ಹಿಡಿದವರನ್ನು ಬಿಟ್ಟು ತಮ್ಮ ತಮ್ಮ ಕೊಟ್ಟಿಗೆಗೆ ಓಡಿದವು. ಆಮೇಲೆ ಪೊಲೀಸರು ಬಂದರು, ಮೊಕದ್ದಮೆ ನಡೆಯಿತು, ಆ ಹಳ್ಳಿಯ ಹೆಸರು ಪ್ರಾಂತ್ಯವೆಲ್ಲ ಹರಡಿತು.

ಈ ಸಿಟ್ಟಿಗೆ ಕಾರಣಗಳಿದ್ದವು. ಅಲ್ಲಿಯ ಜವುಗು ನೆಲದ ರೈತರು ಸಾಲ ಮಾಡಿ ಕರು ತಂದು, ಮೇಯಿಸಿ, ಕೊಬ್ಬಿಸಿ ಮಾರುವವರು. ಹಣದುಬ್ಬರ ನಿಂತು ಹೊಸ ಮಾರ್ಕ್ ಬಂದ ಮೇಲೆ ಬಡ್ಡಿ ಏರಿತು, ತೆರಿಗೆ ಏರಿತು. ವಿದೇಶದ ಶೈತ್ಯೀಕರಿಸಿದ ಮಾಂಸ ಅಗ್ಗಕ್ಕೆ ಬಂದು ಬಿತ್ತು. ದನದ ಬೆಲೆ, ಹಂದಿಯ ಬೆಲೆ ಕುಸಿಯಿತು. 1928ರ ಜನವರಿಯಲ್ಲಿ ಪ್ರಾಂತ್ಯದ ಪಟ್ಟಣಗಳಲ್ಲಿ ಒಂದೇ ದಿನ ಸುಮಾರು 1,40,000 ಜನ ಬೀದಿಗಿಳಿದರು. ಮುಂದಿನ ವರ್ಷ ನೊಯ್‌ಮ್ಯುನ್‌ಸ್ಟರ್ ಪಟ್ಟಣದಲ್ಲಿ ಅವರ ನೇಗಿಲು-ಕತ್ತಿಯ ಕಪ್ಪು ಬಾವುಟವನ್ನು ಪೊಲೀಸರು ಕಿತ್ತುಕೊಂಡಾಗ ರೈತರು ಆ ಪಟ್ಟಣಕ್ಕೇ ಬಹಿಷ್ಕಾರ ಹಾಕಿದರು. ಸಂತೆಗೆ ಬರಲಿಲ್ಲ, ಅಂಗಡಿಗಳಿಗೆ ಕಾಲಿಡಲಿಲ್ಲ.

ಈ ಚಳವಳಿ ಮುಗ್ಧವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಗಣರಾಜ್ಯವೆಂದರೆ ಉರಿದುಬೀಳುವವರು, ಯಹೂದಿ ದ್ವೇಷಿಗಳು, ಸರ್ಕಾರಿ ಕಟ್ಟಡಗಳಿಗೆ ಬಾಂಬಿಟ್ಟವರು ಅದರೊಳಗೇ ಇದ್ದರು. ಆದರೂ ಆ ಹೊತ್ತಿನ ಸಿಟ್ಟು ಎಲ್ಲಿಗೆ ಹೊರಟಿತ್ತು ನೋಡಿ: ತೆರಿಗೆ ಕಚೇರಿಗೆ, ಬ್ಯಾಂಕಿಗೆ, ಬರ್ಲಿನ್ನಿನ ಮಂತ್ರಿಗೆ. ಯಾರನ್ನು ಕೇಳಿದರೆ ಏನಾದರೂ ಗಿಟ್ಟಬಹುದೋ ಅಲ್ಲಿಗೆ. 1928ರ ಚುನಾವಣೆಯಲ್ಲಿ ಪ್ರಾಂತ್ಯದಲ್ಲಿ ನಾಜಿಗಳಿಗೆ ಬಿದ್ದದ್ದು ಬರೀ 4 ಪ್ರತಿಶತ ಮತ.

ವಿಳಾಸ ತಿದ್ದಿದವರು ಹೊರಗಿನಿಂದ ಬಂದರು. ಅವರಲ್ಲಿ ಮೊದಲು ಹೆಸರಿಸಬೇಕಾದವನು ಆಲ್‌ಫ್ರೆಡ್ ಹೂಗನ್‌ಬರ್ಗ್. ಪತ್ರಿಕೆಗಳು, ಸುದ್ದಿಸಂಸ್ಥೆ, ಸಿನಿಮಾ ಕಂಪನಿ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡಿದ್ದ ರಾಷ್ಟ್ರವಾದಿ ಪಕ್ಷದ ನಾಯಕ ಅವನು. 1929ರಲ್ಲಿ, ಮೊದಲ ಮಹಾಯುದ್ಧ ಸೋತ ಜರ್ಮನಿ ಗೆದ್ದವರಿಗೆ ಕಟ್ಟಬೇಕಿದ್ದ ಯುದ್ಧ ಪರಿಹಾರದ ಕಂತುಗಳನ್ನು ಹಗುರ ಮಾಡುವ ಯಂಗ್ ಯೋಜನೆ ಬಂತು. ಹಗುರ ಮಾಡುವುದೇನೋ ನಿಜ, ಆದರೆ ಕಂತು 1988ರವರೆಗೆ ಎಳೆಯುತ್ತಿತ್ತು. ಮೊಮ್ಮಕ್ಕಳ ಕಾಲದವರೆಗೂ ಗುಲಾಮಗಿರಿ ಎಂದು ಹೂಗನ್‌ಬರ್ಗ್ ಜನಮತಗಣನೆಗೆ ಎಳೆದ, ಸಹಿ ಹಾಕುವ ಮಂತ್ರಿಗಳನ್ನು ದೇಶದ್ರೋಹಿಗಳೆಂದು ಜೈಲಿಗೆ ಕಳಿಸಬೇಕೆಂದ. ಹಿಟ್ಲರನನ್ನೂ ಜೊತೆಗೆ ಸೇರಿಸಿಕೊಂಡ. ಡಿಸೆಂಬರಿನಲ್ಲಿ ಮತ ಬಿದ್ದಾಗ ಪರವಾಗಿ ನಿಂತವರು ಒಟ್ಟು ಮತದಾರರಲ್ಲಿ ಶೇಕಡಾ 14ರಷ್ಟೂ ಇರಲಿಲ್ಲ. ಜನಮತಗಣನೆ ಸೋತಿತು, ಅದಕ್ಕಾಗಿ ನಡೆದ ಪ್ರಚಾರ ಗೆದ್ದಿತು. ಹಂದಿಯ ಬೆಲೆ ಬಿದ್ದದ್ದಕ್ಕೂ ಪ್ಯಾರಿಸ್‌ಗೂ ಸಂಬಂಧವಿದೆ ಎಂದು ಕೊಟ್ಟಿಗೆಯ ಮುಂದೆ ನಿಂತವನು ನಂಬತೊಡಗಿದ.

ಆ ನಂಬಿಕೆ ಪೂರಾ ಸುಳ್ಳಾಗಿದ್ದರೆ ಇಷ್ಟು ಸಲೀಸಾಗಿ ಅಂಟುತ್ತಿರಲಿಲ್ಲ. ಪರಿಹಾರದ ಹೊರೆಯ ಹಿಂದೆಯೂ ಮತದಾರರ ಸಿಟ್ಟೇ ಇತ್ತು, ಗೆದ್ದವರ ಕಡೆಯ ಮತದಾರರದು. 1918ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಚುನಾವಣೆ ನಡೆದಾಗ ಯುದ್ಧ ನಿಂತು ಇನ್ನೂ ಐದು ವಾರವಾಗಿತ್ತು ಅಷ್ಟೆ. ಜರ್ಮನಿಯನ್ನು ತಾವೇ ಹೆಚ್ಚು ಹಿಂಡುತ್ತೇವೆ ಎಂದು ಹೇಳಲು ಅಭ್ಯರ್ಥಿಗಳು ಪೈಪೋಟಿಗೆ ಬಿದ್ದರು. ವರ್ಸೇಲ್ಸ್‌ಗೆ ಶಾಂತಿ ಒಪ್ಪಂದದ ಮಾತುಕತೆಗೆಂದು ಹೊರಟ ಪ್ರಧಾನಿ ಲಾಯ್ಡ್ ಜಾರ್ಜ್ ಈ ಭರವಸೆಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಹೋದ. ಆ ಕಾಲದ ಜರ್ಮನ್ ದ್ವೇಷದ ಬಿಸಿ ನಮ್ಮ ಮಂಗಳೂರಿಗೂ ತಟ್ಟಿತ್ತು. ಬಾಸೆಲ್ ಮಿಷನ್ನಿನ ಕೇಂದ್ರ ಇದ್ದದ್ದು ಯುದ್ಧದಲ್ಲಿ ತಟಸ್ಥವಾಗಿದ್ದ ಸ್ವಿಟ್ಜರ್‌ಲೆಂಡಿನಲ್ಲಿ. ಆದರೂ ಅದರ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಬಂಧನದಲ್ಲಿಟ್ಟು ವಾಪಸು ಸಾಗಹಾಕಿತು. ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

1930ರ ಸೆಪ್ಟೆಂಬರ್ 14ರಂದು ಜರ್ಮನಿ ಮತ ಹಾಕಿತು. ನಾಜಿಗಳ ಸ್ಥಾನ 12ರಿಂದ 107ಕ್ಕೆ ಜಿಗಿಯಿತು. ಶ್ಲೆಸ್ವಿಗ್-ಹೋಲ್‌ಸ್ಟೈನಿನಲ್ಲಿ 4 ಇದ್ದದ್ದು 27 ಪ್ರತಿಶತವಾಯಿತು. ಫಲಿತಾಂಶ ಕೇಳಿದ ವಿದೇಶಿ ಸಾಲಿಗರು ಹೆದರಿ ಹಣ ವಾಪಸು ಎಳೆದುಕೊಂಡರು. ಕಾಸಿಲ್ಲವೆಂದು ಸಿಟ್ಟಾದವರ ಮತದಿಂದಲೇ ಇದ್ದ ಕಾಸೂ ಹೊರಟುಹೋಯಿತು.

ನನಗೆ ಇದಕ್ಕಿಂತ ಗಾಬರಿ ಹುಟ್ಟಿಸುವುದು ನಡುಪಂಥದವರು ಆಗ ನಡೆದುಕೊಂಡ ರೀತಿ. ಉಗ್ರರ ಬಾಯಿ ಮುಚ್ಚಿಸಬೇಕಾದರೆ ತಾವೂ ಗಟ್ಟಿಗರೆಂದು ತೋರಿಸಿಕೊಳ್ಳಬೇಕು ಎಂಬ ಲೆಕ್ಕ ಅವರದು. 1931ರ ಮಾರ್ಚಿನಲ್ಲಿ ಚಾನ್ಸೆಲರ್ ಬ್ರ್ಯೂನಿಂಗ್ ಸರ್ಕಾರದ ವಿದೇಶಾಂಗ ಮಂತ್ರಿ ಕುರ್ಟಿಯುಸ್, ಫ್ರಾನ್ಸಿಗೆ ಒಂದು ಮಾತೂ ಹೇಳದೆ, ಆಸ್ಟ್ರಿಯಾದ ಜೊತೆ ಸುಂಕದ ಒಕ್ಕೂಟ ಘೋಷಿಸಿದ. ಫ್ರಾನ್ಸ್ ಕೆರಳಿತು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 8-7ರ ಬಹುಮತದಲ್ಲಿ ಅದನ್ನು ತಳ್ಳಿಹಾಕಿತು. ಒಕ್ಕೂಟವೂ ಆಗಲಿಲ್ಲ, ಸ್ನೇಹವೂ ಉಳಿಯಲಿಲ್ಲ. ಸಂಕಟದ ಆ ವರ್ಷದಲ್ಲಿ ಪ್ಯಾರಿಸ್ಸಿನ ಸಾಲ ಎಷ್ಟು ಬೇಕಾಗಿತ್ತು ಎಂಬುದು ಜುಲೈನಲ್ಲಿ ಬ್ಯಾಂಕುಗಳು ಬಾಗಿಲು ಮುಚ್ಚಿದಾಗ ಬರ್ಲಿನ್ನಿಗೆ ಗೊತ್ತಾಯಿತು.

ಮರುವರ್ಷದ ಎರಡು ತಾರೀಖುಗಳನ್ನು ವಿದ್ಯಾರ್ಥಿಗಳು ಒಟ್ಟಿಗೆ ಗುರುತು ಹಾಕಿಕೊಳ್ಳಿ. 1932ರ ಜುಲೈ 9ರಂದು ಲಾಸಾನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಯುದ್ಧ ಪರಿಹಾರದ ಕಥೆ ಹೆಚ್ಚುಕಡಿಮೆ ಮುಗಿದುಹೋಯಿತು. ಯಾವುದಕ್ಕಾಗಿ ಇಷ್ಟು ಗುಲ್ಲೆದ್ದಿತ್ತೋ ಅದೇ ಇಲ್ಲವಾಯಿತು. ಜುಲೈ 31ರಂದು ಚುನಾವಣೆ. ನಾಜಿಗಳಿಗೆ ದೇಶದಲ್ಲಿ 37.3, ಶ್ಲೆಸ್ವಿಗ್-ಹೋಲ್‌ಸ್ಟೈನಿನಲ್ಲಿ 51 ಪ್ರತಿಶತ. ಅವತ್ತು ಅವರಿಗೆ ಅರ್ಧಕ್ಕಿಂತ ಹೆಚ್ಚು ಮತ ಕೊಟ್ಟ ಮತಕ್ಷೇತ್ರ ಇಡೀ ಜರ್ಮನಿಯಲ್ಲಿ ಅದೊಂದೇ. ಗಡಿಯಾಚೆಗೆ ಕಳಿಸಿದ ಸಿಟ್ಟಿಗೆ ಗಡಿಯಾಚೆಯವರು ಕೊಟ್ಟ ರಿಯಾಯಿತಿ ಸಾಕಾಗಲಿಲ್ಲ. ಅದು ಹುಟ್ಟಿದ್ದು ಕೊಟ್ಟಿಗೆಯಲ್ಲಿ, ಕೊಟ್ಟಿಗೆಯಲ್ಲಿ ಏನೂ ಬದಲಾಗಿರಲಿಲ್ಲ.

ಹಾಗಾದರೆ ಜನರ ಕೈಗೆ ಮತ ಕೊಟ್ಟದ್ದೇ ತಪ್ಪೇ? ಈ ಪ್ರಶ್ನೆ ವಿದ್ಯಾವಂತರ ಪಡಸಾಲೆಗಳಲ್ಲಿ ಆಗಾಗ ಏಳುತ್ತದೆ, ಕೇಳಿದರೆ ಮೈ ಉರಿಯುತ್ತದೆ. ಇದೇ ನೆಲ 1920ರಲ್ಲಿ ಕೊಟ್ಟ ಉತ್ತರ ಬೇರೆ. ಡೆನ್ಮಾರ್ಕಿಗೆ ಸೇರಬೇಕೋ ಜರ್ಮನಿಯಲ್ಲೇ ಇರಬೇಕೋ ಎಂದು ಅಲ್ಲಿಯ ಜನರನ್ನೇ ಕೇಳಿದರು. ಫೆಬ್ರುವರಿಯಲ್ಲಿ ಉತ್ತರದ ವಲಯ ಡೆನ್ಮಾರ್ಕ್ ಎಂದಿತು, ಮಾರ್ಚಿನಲ್ಲಿ ಫ್ಲೆನ್ಸ್‌ಬರ್ಗ್ ಇದ್ದ ದಕ್ಷಿಣದ ವಲಯ ಜರ್ಮನಿ ಎಂದಿತು. 1864ರಲ್ಲಿ ರಕ್ತ ಹರಿಸಿ ಎಳೆದಿದ್ದ ಗಡಿಯನ್ನು ಮತಪೆಟ್ಟಿಗೆ ಇಟ್ಟು ಬದಲಾಯಿಸಿದರು. ಡೇನಿಷ್ ರಾಷ್ಟ್ರವಾದಿಗಳಿಗೆ ಸಮಾಧಾನವಿರಲಿಲ್ಲ, ಜನ ಬೇಡವೆಂದರೂ ಫ್ಲೆನ್ಸ್‌ಬರ್ಗ್ ಬೇಕು ಎಂದು ಹಟ ಹಿಡಿದರು. ಫಲಿತಾಂಶಕ್ಕೆ ಬದ್ಧವಾಗಿದ್ದ ಪ್ರಧಾನಿ ಸಾಲೆಯ ಸರ್ಕಾರವನ್ನು ರಾಜ ಹತ್ತನೆಯ ಕ್ರಿಶ್ಚಿಯನ್ ವಜಾ ಮಾಡಿಯೇಬಿಟ್ಟ. ಕಾರ್ಮಿಕ ಸಂಘಗಳು ಸಾರ್ವತ್ರಿಕ ಮುಷ್ಕರದ ಎಚ್ಚರಿಕೆ ಕೊಟ್ಟವು, ರಾಜ ಬಗ್ಗಿದ. ಗಡಿ ಮತ ಬಿದ್ದಲ್ಲೇ ನಿಂತಿತು.

ಆ ಗಡಿಯ ಉತ್ತರಕ್ಕಿದ್ದ ರೈತರ ಕಷ್ಟವೇನೂ ಕಡಿಮೆಯಿರಲಿಲ್ಲ. ಅವರ ಬೆಣ್ಣೆ, ಹಂದಿಮಾಂಸ ಹೋಗುತ್ತಿದ್ದದ್ದು ಬ್ರಿಟನ್ನಿಗೆ. 1932ರ ಒಟ್ಟಾವಾ ಒಪ್ಪಂದದಲ್ಲಿ ಬ್ರಿಟನ್ ತನ್ನ ಸಾಮ್ರಾಜ್ಯದವರಿಗೆ ಮೊದಲ ಮಣೆ ಹಾಕಿ ಡೇನರನ್ನು ಹಿಂದಕ್ಕೆ ತಳ್ಳಿತು. ಅಲ್ಲೂ ಜಮೀನುಗಳು ಹರಾಜಿಗೆ ಬಂದವು, ಅಲ್ಲೂ ರೈತರು ಸಂಘ ಕಟ್ಟಿ ಗುಡುಗಿದರು. ಆಗ ಕಾರ್ಮಿಕರ ಪಕ್ಷದ ಪ್ರಧಾನಿ ಸ್ಟೌನಿಂಗ್, ರೈತರ ಪಕ್ಷವಾದ ವೆನ್‌ಸ್ಟ್ರಾದವರನ್ನು ಕೋಪನ್‌ಹೇಗನ್ನಿನ ಕಾನ್ಸ್‌ಲರ್‌ಗಾಡೆ ಬೀದಿಯ ತನ್ನ ಮನೆಗೆ ಕರೆಸಿ ರಾತ್ರಿಯೆಲ್ಲ ಚೌಕಾಸಿ ನಡೆಸಿದ. ರಫ್ತಿಗೆ ಅನುಕೂಲವಾಗಲೆಂದು ಕ್ರೋನ್ ನಾಣ್ಯದ ಬೆಲೆ ಇಳಿಸುವುದು, ರೈತರ ಹೊರೆ ತಗ್ಗಿಸುವುದು, ಲಾಕೌಟ್ ತಡೆಯುವುದು, ಬದಲಿಗೆ ಬಡವರ ಸಾಮಾಜಿಕ ಭದ್ರತೆಯ ಕಾನೂನುಗಳಿಗೆ ರೈತರ ಪಕ್ಷ ಒಪ್ಪುವುದು. ಇದರಲ್ಲಿ ಆದರ್ಶವೇನಿಲ್ಲ, ಬೆಲೆಯ ಮಾತು ಅಷ್ಟೆ. ಬೆಳಗಾಗುವ ಹೊತ್ತಿಗೆ ಒಪ್ಪಂದವಾಯಿತು. ಅವತ್ತಿನ ತಾರೀಖು 1933ರ ಜನವರಿ 30. ಹಿಟ್ಲರ್ ಬರ್ಲಿನ್ನಿನಲ್ಲಿ ಚಾನ್ಸೆಲರ್ ಆಗಿ ಪ್ರಮಾಣ ತೆಗೆದುಕೊಂಡದ್ದೂ ಅವತ್ತೇ.

ಒಪ್ಪಂದದಿಂದ ಎಲ್ಲರೂ ತಣ್ಣಗಾದರು ಎಂದಲ್ಲ. 1935ರಲ್ಲಿ ಸಾವಿರಾರು ಡೇನಿಷ್ ರೈತರು ರಾಜನ ಅರಮನೆಗೇ ಮೆರವಣಿಗೆ ಹೋದರು. ಆದರೆ ಅವರು ಕೇಳಲು ಹೋದದ್ದು ಸಾಲ, ಬೆಲೆ, ನಾಣ್ಯದ ವಿಚಾರ. 1939ರಲ್ಲಿ ಡೆನ್ಮಾರ್ಕಿನ ನಾಜಿ ಪಕ್ಷಕ್ಕೆ ಸಿಕ್ಕಿದ್ದು 1.8 ಪ್ರತಿಶತ ಮತ, ಮೂರು ಸ್ಥಾನ.

ಇಲ್ಲಿಗೆ ನಿಲ್ಲಿಸಿದರೆ ಸೊಗಸಾದ ನೀತಿಕಥೆಯಾಗುತ್ತಿತ್ತು. ಆದರೆ ಶಾಂತಿಯ ವಿಷಯದಲ್ಲಿ ತನ್ನ ಮನೆ ತಾನು ಚೊಕ್ಕಟವಾಗಿಟ್ಟುಕೊಂಡರೆ ಸಾಲದು. ಗಡಿಯ ದಕ್ಷಿಣದಲ್ಲಿ ಗೆದ್ದ ಸಿಟ್ಟು ಮೊದಲು ಮತಪೆಟ್ಟಿಗೆಯನ್ನೇ ನುಂಗಿತು. 1933ರ ನವೆಂಬರಿನಲ್ಲಿ, ಬೇರೆ ಪಕ್ಷಗಳೆಲ್ಲ ನಿಷೇಧವಾದ ಮೇಲೆ, ರಾಷ್ಟ್ರಸಂಘ ಬಿಟ್ಟದ್ದಕ್ಕೆ ಶೇಕಡಾ 95ರಷ್ಟು ಒಪ್ಪಿಗೆ ಬಿತ್ತೆಂದು ಸಾರಿದರು. 1940ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನ್ ಸೈನ್ಯ, ಜನರೇ ಮತ ಹಾಕಿ ಗೊತ್ತು ಮಾಡಿದ ಆ ಗಡಿಯನ್ನು ದಾಟಿತು. ಶ್ಲೆಸ್ವಿಗ್-ಹೋಲ್‌ಸ್ಟೈನಿನ ನಾಜಿ ಮುಖಂಡ ಹಿನ್ರಿಕ್ ಲೋಹ್ಸೆ ಇಟ್ಸೆಹೋ ಸುತ್ತಿನವನೇ, ಎತ್ತುಗಳು ಬೆದರಿ ಓಡಿದ ಹಳ್ಳಿಯ ನೆರೆಯವನು. ರೈತರ ಕಷ್ಟ ಹೇಳಿ ಮತ ಕೂಡಿಸಿದ ಈತ 1941ರಲ್ಲಿ ಬಾಲ್ಟಿಕ್ ನಾಡುಗಳ ಮತ್ತು ಬೆಲರೂಸಿನ ಒಂದು ಭಾಗದ ಆಡಳಿತಗಾರನಾಗಿ ಹೋದ. ಅಲ್ಲಿ ಯಹೂದಿಗಳ ಸಾಮೂಹಿಕ ಕೊಲೆ ನಡೆದದ್ದು ಅವನ ಆಡಳಿತದಲ್ಲಿ.

ಯುದ್ಧ ಮುಗಿದ ಮೇಲೆ ಗಡಿ ತೆಗೆದು ದಕ್ಷಿಣಕ್ಕೆ ಸರಿಸಬೇಕೆಂಬ ಕೂಗು ಡೆನ್ಮಾರ್ಕಿನಲ್ಲಿ ಎದ್ದಿತು. ಅಲ್ಲಿಯ ಸರ್ಕಾರ ಒಪ್ಪಲಿಲ್ಲ. 1955ರ ಮಾರ್ಚಿನಲ್ಲಿ ಬಾನ್ ಮತ್ತು ಕೋಪನ್‌ಹೇಗನ್ ಸರ್ಕಾರಗಳು ತಮ್ಮ ತಮ್ಮ ಅಲ್ಪಸಂಖ್ಯಾತರಿಗೆ ಹಕ್ಕುಗಳ ಭರವಸೆ ಕೊಟ್ಟು ಘೋಷಣೆ ಹೊರಡಿಸಿದವು. ಪಶ್ಚಿಮ ಜರ್ಮನಿಗೆ ನೇಟೋ ಸೇರುವ ಅವಸರವಿತ್ತು, ಡೆನ್ಮಾರ್ಕ್ ಆಗಲೇ ಅದರ ಸದಸ್ಯ. ಹೀಗೆ ಸದ್ಬುದ್ಧಿಗೆ ಸ್ವಾರ್ಥವೂ ಹೆಗಲು ಕೊಟ್ಟಿತು. ಅಂದಿನಿಂದ ಡೇನಿಷ್ ಅಲ್ಪಸಂಖ್ಯಾತರ ಪಕ್ಷಕ್ಕೆ ಪ್ರಾಂತ್ಯದ ಶಾಸನಸಭೆ ಪ್ರವೇಶಿಸಲು 5 ಪ್ರತಿಶತದ ಮಿತಿ ಅನ್ವಯಿಸುವುದಿಲ್ಲ. 2012ರಲ್ಲಿ ಪ್ರಾಂತ್ಯದ ರಾಜಧಾನಿ ಕೀಲ್ ನಗರದಲ್ಲಿ ಒಂದೇ ಸ್ಥಾನದ ಬಹುಮತದ ಸರ್ಕಾರ ನಿಂತದ್ದು ಆ ಪಕ್ಷದ ಮೂವರು ಶಾಸಕರ ಬಲದಿಂದ. ಸೋತ ಕಡೆಯ ಕೆಲವರಿಗೆ ಸಿಟ್ಟು ಬಂತು. ರಿಯಾಯಿತಿ ಅನ್ಯಾಯವೆಂದು ಪ್ರಾಂತ್ಯದ ಸಂವಿಧಾನ ನ್ಯಾಯಾಲಯಕ್ಕೆ ಹೋದರು. ಮರುವರ್ಷ ತೀರ್ಪು ಬಂತು, ರಿಯಾಯಿತಿ ಉಳಿಯಿತು, ಸರ್ಕಾರವೂ ಉಳಿಯಿತು.