ದೊಡ್ಡ ಆಸ್ಪತ್ರೆಯ ಒಳಗೆ ಯಾರನ್ನು ಏನು ಕೇಳಬೇಕು?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಳಿತಾಯ, ಬಡ್ಡಿ, ಸಾಲ ಮರುಪಾವತಿ ಇವುಗಳ ಬಗ್ಗೆ ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತು ಸಿಸ್ಟರ್ ಯಾಕೆ ಆಸ್ಪತ್ರೆ ವಿಷಯ ತಂದರು ಅಂತ ನಿಮಗೆ ಅನ್ನಿಸಬಹುದು. ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ಹಸು ಕೊಳ್ಳಲು ಎಷ್ಟು ಜನ ಸಾಲ ತೆಗೆದಿದ್ದಾರೆ, ಆಸ್ಪತ್ರೆಗೆ ಅಂತ ಎಷ್ಟು ಜನ ತೆಗೆದಿದ್ದಾರೆ? ಲೆಕ್ಕ ಹಾಕಿ ಆಮೇಲೆ ಹೇಳಿ.

2019ರಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಒಂದು ಸಂಘದ ಸದಸ್ಯೆಯ ಗಂಡನಿಗೆ ರಾತ್ರಿ ಎದೆನೋವು ಬಂತು. ನಗರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾನೂ ಜೊತೆಗಿದ್ದೆ. ಕೌಂಟರಿನಲ್ಲಿ 50 ಸಾವಿರ ಮುಂಗಡ ಕೇಳಿದರು. ಬಳೆ ಅಡವಿಟ್ಟು, ಸಂಘದಿಂದ ತುರ್ತು ಸಾಲ ಮಾಡಿ ಬೆಳಿಗ್ಗೆಯೊಳಗೆ ಕಟ್ಟಿದೆವು. ಸ್ಟೆಂಟ್ ಹಾಕಿದರು, ಮನುಷ್ಯ ಉಳಿದ. ಬಿಲ್ ಒಂದೂವರೆ ಲಕ್ಷ ದಾಟಿತ್ತು. ಮನೆಗೆ ಹೊರಡುವ ದಿನ ಬಾಗಿಲ ಹತ್ತಿರ ಒಂದು ಮೇಜು ಕಂಡಿತು. ‘ಆರೋಗ್ಯ ಮಿತ್ರ’ ಎಂದು ಬರೆದಿತ್ತು. ವಿಚಾರಿಸಿದರೆ, ಈ ಚಿಕಿತ್ಸೆ ಸರ್ಕಾರದ ಯೋಜನೆಯಲ್ಲಿ ಇತ್ತು, ಬಿ.ಪಿ.ಎಲ್. ಕಾರ್ಡು ತೋರಿಸಿದ್ದರೆ ಸಾಕಿತ್ತು! ಬಿಲ್ ಕಟ್ಟಿ ಮುಗಿದ ಮೇಲೆ ಏನೂ ಮಾಡಲು ಬರುವುದಿಲ್ಲ ಅಂದರು. ಕಾರ್ಡು ಊರಲ್ಲಿ ಟ್ರಂಕಿನೊಳಗೆ ಇತ್ತು. ಕೌಂಟರಿನವರು ಒಂದು ಮಾತು ಹೇಳಲಿಲ್ಲ, ಅದು ಅವರ ತಪ್ಪು. ಆದರೆ ಎಂ.ಎಸ್.ಡಬ್ಲ್ಯೂ. ಓದಿದ ನಾನು ಆ ಮೇಜಿನ ಮುಂದೆ ಮೂರು ದಿನ ಓಡಾಡಿದ್ದೇನೆ, ಕೇಳಲಿಲ್ಲ. ಆ ಸಾಲ ತೀರುವಷ್ಟರಲ್ಲಿ ಎರಡು ವರ್ಷ ಆಯಿತು. ಸಂಘ ಒಡೆಯುವ ಹಂತಕ್ಕೆ ಬಂದಿತ್ತು.

ಅದಕ್ಕೇ ಈ ಮಾತು. ಖಾಸಗಿ ಆಸ್ಪತ್ರೆ ಎಂದರೆ ಎಲ್ಲವೂ ಒಂದೇ ಅಲ್ಲ. ಒಬ್ಬ ಡಾಕ್ಟರು ನಡೆಸುವ ನರ್ಸಿಂಗ್ ಹೋಮ್ ಇದೆ, ಕಂಪನಿ ಆಸ್ಪತ್ರೆ ಇದೆ, ಟ್ರಸ್ಟಿನದ್ದು ಇದೆ, ವೈದ್ಯಕೀಯ ಕಾಲೇಜಿನದ್ದು ಇದೆ. ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡುತ್ತಾ ಶುರುವಾದದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರದ್ದು. ಕಾಲೇಜು ಇರುವ ಕಡೆ ವಿದ್ಯಾರ್ಥಿಗಳು ಬಂದು ನೋಡುತ್ತಾರೆ, ಒಂದೇ ಪ್ರಶ್ನೆ ನಾಲ್ಕು ಜನ ಕೇಳುತ್ತಾರೆ, ಬೇಜಾರಾಗಬೇಡಿ. ಅಲ್ಲಿ ಜನರಲ್ ವಾರ್ಡಿನ ಖರ್ಚು ಸಾಮಾನ್ಯವಾಗಿ ಕಡಿಮೆ ಇರುತ್ತದೆ.

ಈಗ ಒಳಗೆ ಹೋಗೋಣ. ಬಾಗಿಲಲ್ಲಿ ವಿಚಾರಣೆ ಕೌಂಟರ್. ಅಪಘಾತ, ಎದೆನೋವು, ಹಾವು ಕಚ್ಚಿದ್ದು, ಹೆರಿಗೆ ತೊಂದರೆ ಇದ್ದರೆ ಅಲ್ಲಿ ನಿಲ್ಲಬೇಡಿ, ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ನಮ್ಮಲ್ಲಿ ‘ಕ್ಯಾಶುಯಾಲಿಟಿ’ ಅಂತಲೂ ಹೇಳುತ್ತಾರೆ. ಗಾಯಗೊಂಡವರಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿ ಬಿಲ್ಲಿಗಾಗಿ ಶವವನ್ನು ಇಟ್ಟುಕೊಳ್ಳುವಂತಿಲ್ಲ. ಈ ಎರಡು ಮಾತು ನೆನಪಿರಲಿ, ಗಲಾಟೆ ಮಾಡಲು ಅಲ್ಲ, ಗಟ್ಟಿಯಾಗಿ ಕೇಳಲು.

ದಾಖಲು ಮಾಡುವ ಕೌಂಟರಿನಲ್ಲಿ ಯಾವ ವಾರ್ಡು ಬೇಕು ಅಂತ ಕೇಳುತ್ತಾರೆ. ನೆಂಟರು ಬರುತ್ತಾರೆ, ಮರ್ಯಾದೆ ಪ್ರಶ್ನೆ ಎಂದು ಸ್ಪೆಷಲ್ ರೂಮು ಹೇಳುವವರಿದ್ದಾರೆ. ರೂಮಿನ ಬಾಡಿಗೆ ಮಾತ್ರ ಹೆಚ್ಚು ಅಂದುಕೊಳ್ಳುತ್ತೇವೆ. ಹಾಗಲ್ಲ. ಅನೇಕ ಆಸ್ಪತ್ರೆಗಳಲ್ಲಿ ರೂಮು ದೊಡ್ಡದಾದ ಹಾಗೆ ಡಾಕ್ಟರ ಭೇಟಿಯ ದರ, ಆಪರೇಷನ್ ದರ, ಪರೀಕ್ಷೆಗಳ ದರ ಎಲ್ಲವೂ ಮೇಲೇರುತ್ತದೆ. ಡಾಕ್ಟರು ಅವರೇ, ಔಷಧಿಯೂ ಅದೇ. ದಾಖಲಾಗುವ ಮೊದಲು ಅಂದಾಜು ಖರ್ಚು ಎಷ್ಟು ಅಂತ ಬರಹದಲ್ಲಿ ಕೇಳಿ. ಬಾಯಿಮಾತಿನ ಅಂದಾಜು ಬಿಲ್ಲಿನ ದಿನ ಯಾರಿಗೂ ನೆನಪಿರುವುದಿಲ್ಲ.

ಅದೇ ಹೊತ್ತಿಗೆ ಆರೋಗ್ಯ ಮಿತ್ರ ಎಲ್ಲಿದ್ದಾರೆ ಅಂತ ಕೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್. ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಒಂದು ಮುಖ್ಯ ವಿಷಯ: ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದು ಎಂದಾಗ ರೆಫರಲ್ ಚೀಟಿ ತರಬೇಕು. ತುರ್ತು ಎಂದು ಪಟ್ಟಿ ಮಾಡಿದ ಚಿಕಿತ್ಸೆಗಳಿಗೆ ನೇರವಾಗಿ ಹೋಗಬಹುದು. ಎಲ್ಲ ಖಾಸಗಿ ಆಸ್ಪತ್ರೆಯೂ ಯೋಜನೆಯಲ್ಲಿ ಇಲ್ಲ. ಆದ್ದರಿಂದ ಆಂಬುಲೆನ್ಸ್ ಹತ್ತುವ ಮೊದಲೇ ನಮ್ಮ ಜಿಲ್ಲೆಯಲ್ಲಿ ಯಾವ ಆಸ್ಪತ್ರೆ ಇದೆ ಎಂದು ತಿಳಿದಿರಬೇಕು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿಯೂ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಮತ್ತೆ ಆರಂಭವಾಗಿದೆ. ಅದಕ್ಕೆ ನೋಂದಣಿ ಕಾಲದಲ್ಲೇ ಹಣ ಕಟ್ಟಿರಬೇಕು, ಕಾಯಿಲೆ ಬಂದ ಮೇಲೆ ಅಲ್ಲ.

ವಾರ್ಡಿನಲ್ಲಿ ದೊಡ್ಡ ಡಾಕ್ಟರು ದಿನಕ್ಕೆ ಒಂದೋ ಎರಡೋ ಸಲ ಬರುತ್ತಾರೆ. ಇದನ್ನೇ ರೌಂಡ್ಸ್ ಅನ್ನುತ್ತಾರೆ. ಆ ಹೊತ್ತಿಗೆ ಸರಿಯಾಗಿ ನಮ್ಮವರು ಕಾಫಿ ಕುಡಿಯಲು ಹೋಗಿರುತ್ತಾರೆ! ಹಾಗೆ ಮಾಡಬೇಡಿ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟು ಆಗಲೇ ಕೇಳಿ. ಉಳಿದ ಸಮಯದಲ್ಲಿ ಡ್ಯೂಟಿ ಡಾಕ್ಟರು ಇರುತ್ತಾರೆ. ನರ್ಸುಗಳು ಮೂರು ಪಾಳಿಯಲ್ಲಿ ಬದಲಾಗುತ್ತಾರೆ. ಬೆಳಿಗ್ಗೆ ಹೇಳಿದ್ದು ರಾತ್ರಿಯವರಿಗೆ ಗೊತ್ತಿಲ್ಲದಿದ್ದರೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ. ಅವರ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್, ಒಟ್ಟು ಚಿಕಿತ್ಸೆಗೆ ಮೆಡಿಕಲ್ ಸೂಪರಿಂಟೆಂಡೆಂಟ್. ವಿಷಯ ತಿಳಿಸಲು ಪಿ.ಆರ್.ಓ. ಇರುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ, ನನ್ನ ಕಸುಬಿನವರು. ಬಿಲ್ಲಿನಲ್ಲಿ ರಿಯಾಯಿತಿ, ದಾನಿಗಳ ನಿಧಿ ಇವೆಲ್ಲ ಎಷ್ಟೋ ಕಡೆ ಅವರ ಶಿಫಾರಸಿನ ಮೇಲೆ ಸಿಗುತ್ತವೆ. ಆದರೆ ಅವರ ಹತ್ತಿರ ನಮ್ಮ ಜನ ಹೋಗುವುದು ಡಿಸ್‌ಚಾರ್ಜ್ ದಿನ ಸಂಜೆ. ಮೊದಲ ದಿನವೇ ಹೋಗಿ.

ಎರಡು ದಿನಕ್ಕೊಮ್ಮೆ ಬಿಲ್ ಎಷ್ಟಾಯಿತು ಅಂತ ಕೇಳಿ. ಆಪರೇಷನ್ ಆದ ಮೇಲೆ ಉಳಿದ ಸಿರಿಂಜು, ಬಾಟಲಿ, ಇಂಜೆಕ್ಷನ್ ಬಿಲ್ ಸಹಿತ ಔಷಧಾಲಯಕ್ಕೆ ವಾಪಸ್ ಕೊಡಬಹುದೇ ಅಂತ ವಿಚಾರಿಸಿ. ಸ್ಟೆಂಟಿಗೆ 2017ರಿಂದ ಕೇಂದ್ರ ಸರ್ಕಾರ ಗರಿಷ್ಠ ದರ ಗೊತ್ತು ಮಾಡಿದೆ. ಹಾಕಿದ ಸ್ಟೆಂಟಿನ ಹೆಸರು, ದರ ಬಿಲ್ಲಿನಲ್ಲಿ ಬೇರೆಯಾಗಿ ಬರೆದಿರಬೇಕು. ಸಹಿ ಮಾಡಿ ಎಂದ ಕಾಗದವನ್ನೆಲ್ಲ ಓದಿಸಿ ಕೇಳಿ. ಅದರಲ್ಲೂ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ’ ಎಂಬ ಕಾಗದ ಬಂದರೆ ನಿಂತು ಯೋಚಿಸಿ, ಮುಂದೆ ಏನಾದರೂ ಆದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. ಹೊರಡುವಾಗ ಡಿಸ್‌ಚಾರ್ಜ್ ಸಾರಾಂಶ, ಎಲ್ಲ ರಿಪೋರ್ಟು, ರಸೀದಿ ತನ್ನಿ. ಚಿಕಿತ್ಸೆಯ ದಾಖಲೆ ಬೇಕೆಂದು ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು, 2002ರ ವೈದ್ಯಕೀಯ ಪರಿಷತ್ತಿನ ನಿಯಮ ಇದು. ದೂರು ಇದ್ದರೆ ಮೊದಲು ಆಸ್ಪತ್ರೆಯಲ್ಲಿ ಬರಹದಲ್ಲಿ ಕೊಡಿ. ಆಗಲಿಲ್ಲವಾದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕುಂದುಕೊರತೆ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಓದುವಾಗ ಕ್ಷೇತ್ರಕಾರ್ಯಕ್ಕೆ ಅಂತ ನಾನು ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದೆ. ರಾತ್ರಿ ಪಾಳಿಯ ಹುಡುಗಿ ಒಬ್ಬಳೇ ಎಷ್ಟು ಹಾಸಿಗೆ ನೋಡುತ್ತಾಳೆ ಅಂತ ಕಣ್ಣಾರೆ ಕಂಡಿದ್ದೇನೆ. ಹತ್ತು ಜನ ನೆಂಟರು ಹಾಸಿಗೆ ಸುತ್ತ ಕುಳಿತು ಅವಳ ಮೇಲೆ ಕೂಗಾಡಿದರೆ ಬಿಲ್ ಒಂದು ರೂಪಾಯಿ ಕಡಿಮೆ ಆಗುವುದಿಲ್ಲ. ಇಬ್ಬರು ಇರಿ, ಅದರಲ್ಲಿ ಒಬ್ಬರು ಸಂಘದವರಾಗಿರಲಿ. ಮನೆಯವರಿಗೆ ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ.

ಮುಂದಿನ ತಿಂಗಳ ಸಭೆಗೆ ಎಲ್ಲರೂ ರೇಷನ್ ಕಾರ್ಡು, ಆಧಾರ್ ಕಾರ್ಡು ತನ್ನಿ. ರೇಷನ್ ಕಾರ್ಡಿನಲ್ಲಿ ಮನೆಯವರೆಲ್ಲರ ಹೆಸರು ಇದೆಯೇ, ಎರಡರಲ್ಲೂ ಒಂದೇ ರೀತಿ ಇದೆಯೇ ನೋಡೋಣ. ಮದುವೆಯಾಗಿ ಬಂದ ಸೊಸೆಯಂದಿರ ಹೆಸರು, ಚಿಕ್ಕ ಮಕ್ಕಳ ಹೆಸರು ಎಷ್ಟೋ ಮನೆಗಳಲ್ಲಿ ಇನ್ನೂ ಸೇರಿಸಿಲ್ಲ. ಆಗದವರು ಈಗಲೇ ಕೈ ಎತ್ತಿ, ನಮ್ಮ ಕಾರ್ಯಕರ್ತೆ ಬರೆದುಕೊಳ್ಳುತ್ತಾರೆ.