ಏರುವ ಮನಸ್ಸು, ಇಳಿಯುವ ಮನಸ್ಸು: ಫೋನಿನಲ್ಲಿ ಸಿಗುವ ವೈದ್ಯರು



ಇವತ್ತಿನ ಮಾತು ಒಂದು ಮನಸ್ಸಿನ ಕಾಯಿಲೆಯ ಬಗ್ಗೆ. ಹಿಂದೆ ಇದಕ್ಕೆ ಉನ್ಮಾದ-ಖಿನ್ನತೆ ಕಾಯಿಲೆ ಎನ್ನುತ್ತಿದ್ದರು. ಈಗ ವೈದ್ಯರು ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ಕೆಲವು ಕಾಲ ಮನಸ್ಸು ಹದ ಮೀರಿ ಏರುತ್ತದೆ, ಕೆಲವು ಕಾಲ ಪಾತಾಳಕ್ಕೆ ಇಳಿಯುತ್ತದೆ, ನಡುವೆ ಎಲ್ಲರಂತೆ ಇರುತ್ತದೆ. ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ವಯಸ್ಸಿನಲ್ಲೋ ಶುರುವಾಗುತ್ತದೆ.

ತೊಂಡಾಮುತ್ತೂರಿನ ಕಡೆ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ಆ ಮನೆಯ ಹುಡುಗ ಹತ್ತು ದಿನದಿಂದ ರಾತ್ರಿ ಎರಡು ಗಂಟೆ ಮಾತ್ರ ಮಲಗುತ್ತಾನೆ, ಆದರೂ ದಣಿವಿಲ್ಲ. ನಡುರಾತ್ರಿ ಬಾಳೆತೋಟಕ್ಕೆ ಹೋಗಿ ಕೆಲಸ ಶುರು ಮಾಡುತ್ತಾನೆ. ಮಾತು ನಿಲ್ಲುವುದಿಲ್ಲ. ಕೈಸಾಲ ತಂದು ಬೇಡದ ಯಂತ್ರ ಕೊಳ್ಳುತ್ತಾನೆ. ಬುದ್ಧಿ ಹೇಳಿದ ದೊಡ್ಡಪ್ಪನ ಮೇಲೆ ರೇಗುತ್ತಾನೆ. ಮನೆಯವರು ಮೊದಲು, "ಹುಡುಗನಿಗೆ ಹುರುಪು ಬಂತು" ಎಂದು ಸಂತೋಷಪಡುತ್ತಾರೆ. ಆಮೇಲೆ ದೇವರು ಬಂದಿದೆ ಎನ್ನುತ್ತಾರೆ, ಇಲ್ಲವೇ ಯಾರೋ ಮಾಟ ಮಾಡಿದ್ದಾರೆ ಎನ್ನುತ್ತಾರೆ. ಮೂರು ತಿಂಗಳು ಕಳೆದರೆ ಅದೇ ಹುಡುಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಊಟ ಬೇಡ, ಮಾತು ಬೇಡ, ಬದುಕೇ ಬೇಡ ಎನ್ನುತ್ತಾನೆ. ಆಗ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಾರೆ.

ತೊಡಕು ಇರುವುದು ಇಲ್ಲೇ. ಡಾಕ್ಟರರು ನೋಡುವುದು ಇಳಿದ ಮನಸ್ಸನ್ನು ಮಾತ್ರ. ಏರಿದ ದಿನಗಳ ಸುದ್ದಿಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದನ್ನು ಕಾಯಿಲೆ ಎಂದು ಯಾರೂ ಎಣಿಸಿರುವುದಿಲ್ಲ. ಬರೀ ಖಿನ್ನತೆ ಎಂದುಕೊಂಡು ಅದರ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಮನಸ್ಸು ಮತ್ತೆ ಏರಿಬಿಡುತ್ತದೆ. ಹೀಗೆ ಸರಿಯಾದ ಹೆಸರು ಸಿಗದೆ ವರ್ಷಗಳು ಉರುಳುತ್ತವೆ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ತಮಿಳುನಾಡೂ ಅದರಲ್ಲಿತ್ತು. ಈ ಕಾಯಿಲೆ ಇದ್ದ ನೂರು ಮಂದಿಯಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ ಎಂದು ಅದು ಕಂಡುಕೊಂಡಿತು.

ಕೈ ಮುರಿದರೆ ಎಕ್ಸ್-ರೇ ಇದೆ, ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಬೈಪೋಲಾರ್ ಇದೆ ಎಂದು ತೋರಿಸುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ಥೈರಾಯ್ಡ್ ಮೊದಲಾದ ಪರೀಕ್ಷೆ ಮಾಡಿಸುವುದು ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳಲು. ಕಾಯಿಲೆಯನ್ನು ಗುರುತಿಸುವುದು ರೋಗಿಯ ಮಾತಿನಿಂದ, ಮನೆಯವರ ಮಾತಿನಿಂದ. ಏರಿದ ಸ್ಥಿತಿ ಒಂದು ವಾರವಾದರೂ ಇತ್ತೇ, ಕುಗ್ಗಿದ ಸ್ಥಿತಿ ಎರಡು ವಾರವಾದರೂ ಇತ್ತೇ ಎಂದು ವೈದ್ಯರು ಕೇಳುತ್ತಾರೆ. ನಾಲ್ಕೇ ದಿನದ ಸೌಮ್ಯವಾದ ಏರಿಕೆಯನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮಾತೇ ಪರೀಕ್ಷೆಯಾದ್ದರಿಂದಲೇ ದೂರದಲ್ಲಿ ಕುಳಿತ ಮನೋವೈದ್ಯರು ವಿಡಿಯೋ ಮೂಲಕವೂ ಈ ಕೆಲಸ ಮಾಡಬಲ್ಲರು.

ಇದು ತೀರಾ ಹೊಸದಲ್ಲ. ಚೆನ್ನೈನ ಸ್ಕಾರ್ಫ್ ಸಂಸ್ಥೆ ಪುದುಕ್ಕೋಟ್ಟೈ ಜಿಲ್ಲೆಯ ಹಳ್ಳಿಗಳಿಗೆ ಬಸ್ಸು ಕಳುಹಿಸಿ, ಅದರೊಳಗಿನ ಪರದೆಯ ಮೂಲಕ ಚೆನ್ನೈನ ಮನೋವೈದ್ಯರನ್ನು ರೋಗಿಗಳಿಗೆ ಭೇಟಿ ಮಾಡಿಸಿತು. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೂರ ವೈದ್ಯಕೀಯಕ್ಕೆ ನಿಯಮಗಳನ್ನು ಹೊರಡಿಸಿತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಶುರುವಾಯಿತು. ಅದರ ಸಂಖ್ಯೆ 14416. ಹಗಲೂ ರಾತ್ರಿಯೂ ಸಿಗುತ್ತದೆ, ದುಡ್ಡಿಲ್ಲ. ಮೊದಲು ತರಬೇತಿ ಪಡೆದ ಆಪ್ತ ಸಲಹೆಗಾರರು ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ.

ಇನ್ನು ಭಾಷೆಯ ಮಾತು. ನಮ್ಮ ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಕೋವೈಗೆ ಹೋಗಿ ತಮಿಳಿನಲ್ಲಿ ವ್ಯಾಪಾರ ಮಾಡುತ್ತೇವೆ, ಬ್ಯಾಂಕಿನ ಕೆಲಸ ಮುಗಿಸುತ್ತೇವೆ. ಆದರೆ ನಿದ್ದೆ ಬಾರದ ರಾತ್ರಿ ಮನಸ್ಸಿನೊಳಗೆ ಓಡುವ ಮಾತು ಯಾವ ಭಾಷೆಯದು? ಅಜ್ಜಿಗೆ "ಎದೆ ಭಾರ" ಎಂದು ಹೇಳಲು ಬರುತ್ತದೆ, ಅದನ್ನೇ ತಮಿಳಿನಲ್ಲಿ ಹೇಳಹೋದರೆ "ಎದೆನೋವು" ಆಗಿಬಿಡಬಹುದು. ಟೆಲಿ-ಮಾನಸ್ ಸೇವೆ ನೀಡುವ ಭಾಷೆಗಳಲ್ಲಿ ತಮಿಳೂ ಇದೆ, ಕನ್ನಡವೂ ಇದೆ. ಯಾವ ಭಾಷೆಯಲ್ಲಿ ಮನಸ್ಸು ಬಿಚ್ಚಿ ಹೇಳಬಲ್ಲಿರೋ ಅದನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ.

ವೈದ್ಯರೊಡನೆ ಮಾತಾಡುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟು ದಿನ ನಿದ್ದೆ ಕಡಿಮೆಯಾಗಿತ್ತು, ಎಷ್ಟು ಸಾಲವಾಯಿತು, ಯಾವಾಗ ಮಂಕಾದರು, ವಂಶದಲ್ಲಿ ಯಾರಿಗಾದರೂ ಹೀಗಿತ್ತೇ, ಈಗ ಯಾವ ಮಾತ್ರೆ ನುಂಗುತ್ತಿದ್ದಾರೆ, ಕುಡಿತ ಇದೆಯೇ, ಎಲ್ಲವನ್ನೂ ಬರೆಯಿರಿ. ಏರಿದ ದಿನಗಳನ್ನು ಕಂಡ ಒಬ್ಬರು ಜೊತೆಯಲ್ಲಿರಲಿ, ಅಣ್ಣನೋ ಅಕ್ಕನೋ ಹೆಂಡತಿಯೋ. ಆದರೆ ರೋಗಿಗೆ ಒಬ್ಬರೇ ಮಾತಾಡಲೂ ಸ್ವಲ್ಪ ಹೊತ್ತು ಕೊಡಿ. ತುಂಬಿದ ಮನೆಯಲ್ಲಿ ಅದು ಆಗದಿದ್ದರೆ ತೋಟದ ಮೋಟಾರು ಮನೆ ಇದ್ದೇ ಇದೆ. ಬೆಟ್ಟದ ಬುಡದಲ್ಲಿ ಸಿಗ್ನಲ್ ಸಿಗುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಿ. ವೈದ್ಯರ ನೋಂದಣಿ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆಯಿರಿ. ಹೆಸರಿಲ್ಲದವರು ಫೋನಿನಲ್ಲಿ ಮಾರುವ ಮಾತ್ರೆ ಬೇಡ.

ಫೋನಿನಿಂದ ಆಗದ ಕೆಲಸವೂ ಇದೆ. ಈ ಕಾಯಿಲೆಯ ಹಳೆಯ, ನಂಬಿಕೆಯ ಔಷಧ ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಇದರ ಗುಣವನ್ನು ಪ್ರಕಟಿಸಿದರು. ಇದು ರಕ್ತದಲ್ಲಿ ಹದವಾಗಿರಬೇಕು. ಕಡಿಮೆಯಾದರೆ ಕೆಲಸವಿಲ್ಲ, ಹೆಚ್ಚಾದರೆ ವಿಷ. ಅದಕ್ಕಾಗಿ ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಟ್ಟು ಪರೀಕ್ಷಿಸಬೇಕು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯೂ ಆಗಾಗ ಬೇಕು.

ತೋಟದಲ್ಲಿ ದುಡಿಯುವವರು ಇದನ್ನು ಗಮನವಿಟ್ಟು ಕೇಳಿ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ, ಉಪ್ಪನ್ನು ಒಮ್ಮೆಲೇ ಬಿಟ್ಟರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಐಬುಪ್ರೊಫೆನ್‌ನಂಥ ಮಾತ್ರೆಯಿಂದಲೂ ಏರುತ್ತದೆ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈ ಕಾಯಿಲೆಗೆ ವ್ಯಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧವೂ ಇದೆ. ಬಸುರಿನಲ್ಲಿ ಅದು ಮಗುವಿಗೆ ಹಾನಿ ಮಾಡಬಲ್ಲದು. ಮಗು ಬೇಕೆನ್ನುವ ಹೆಣ್ಣುಮಕ್ಕಳು ವೈದ್ಯರಿಗೆ ಮೊದಲೇ ತಿಳಿಸಬೇಕು. ಯಾವ ಮಾತ್ರೆಯನ್ನೂ, "ಈಗ ಚೆನ್ನಾಗಿದ್ದೇನೆ" ಎಂದು ತಾವಾಗಿ ನಿಲ್ಲಿಸಬಾರದು. ಚೆನ್ನಾಗಿರುವುದು ಮಾತ್ರೆಯಿಂದಲೇ ಇರಬಹುದು.

ರೋಗಿ ಸಾಯುವ ಮಾತಾಡಿದರೆ, ಹಲವು ದಿನ ನಿದ್ದೆ ಊಟ ಬಿಟ್ಟರೆ, ಕೈಗೆ ಕತ್ತಿ ತೆಗೆದುಕೊಂಡರೆ ವಿಡಿಯೋಗಾಗಿ ಕಾಯಬೇಡಿ. ಒಬ್ಬರನ್ನೇ ಬಿಡಬೇಡಿ, ಕ್ರಿಮಿನಾಶಕದ ಡಬ್ಬಿಗಳನ್ನು ಬೀಗ ಹಾಕಿ ಇಡಿ. 108ಕ್ಕೆ ಕರೆ ಮಾಡಿ, ಕೋವೈ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಮನೋವೈದ್ಯ ವಿಭಾಗವಿದೆ.

ಕಟ್ಟಿಹಾಕುವುದು ಮಾತ್ರ ಬೇಡ. 2001ರ ಆಗಸ್ಟ್ 6ರಂದು ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ 28 ಮಂದಿ ಸತ್ತರು. ಹರಕೆಗೆಂದು ಮನೆಯವರೇ ಅವರನ್ನು ಅಲ್ಲಿಗೆ ಕರೆದೊಯ್ದಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ, ಚಿಕಿತ್ಸೆಯನ್ನು ಹಕ್ಕೆಂದು ಹೇಳಿದೆ. ಹರಕೆ ಬೇಡವೆಂದು ಯಾರೂ ಹೇಳುವುದಿಲ್ಲ. ದೇವರಿಗೆ ಕಾಯಿ ಒಡೆಸಿ, ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ಕೊಡಿ.

ಈ ಕಾಯಿಲೆ ಇದ್ದವರು ಮದುವೆಯಾಗಿ, ದುಡಿದು, ಮಕ್ಕಳನ್ನು ಓದಿಸಿ ಬಾಳುತ್ತಿದ್ದಾರೆ. ಅದಕ್ಕೆ ಬೇಕಾದದ್ದು ಸರಿಯಾದ ಹೆಸರು, ಬಿಡದ ಚಿಕಿತ್ಸೆ, ಹೊತ್ತಿಗೆ ಸರಿಯಾದ ನಿದ್ದೆ, ಮತ್ತು "ಪೈತ್ಯ" ಎಂದು ಕರೆಯದ ನೆರೆಹೊರೆ. ಮೊದಲಿನ ಮೂರಕ್ಕೆ ವೈದ್ಯರು ನೆರವಾಗುತ್ತಾರೆ. ನಾಲ್ಕನೆಯದು ನಿಮ್ಮ ಕೈಯಲ್ಲಿದೆ. ಸಂಖ್ಯೆಯನ್ನು ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.