ಮೂವತ್ತಾರು ಚಿತ್ರಗಳ ಲೆಕ್ಕ



1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000 ಕ್ಯಾಮೆರಾಕ್ಕೆ ಬ್ಯಾಟರಿ ಬೇಕಿರುವುದು ಬೆಳಕು ಅಳೆಯಲು ಮಾತ್ರ. ಶಟರ್ ನಡೆಯುವುದು ಸ್ಪ್ರಿಂಗಿನಿಂದ. ಫೋಕಸ್, ಅಪರ್ಚರ್, ವೇಗ ಮೂರನ್ನೂ ಕೈಯಿಂದಲೇ ಹೊಂದಿಸಬೇಕು. ಕೋಲಾರದ ಸೋಮೇಶ್ವರ ದೇವಾಲಯದ ಕಂಬಗಳ ಮಂಟಪದಂಥ ಮಬ್ಬು ಬೆಳಕಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಕೈ ಅಲುಗಬಾರದು. ರೀಲಿನಲ್ಲಿರುವುದು 36 ಚಿತ್ರ. ಹಾಗಾಗಿ ಗುಂಡಿ ಒತ್ತುವ ಮೊದಲು ಸರಿಯಾಗಿ ನೋಡಲೇಬೇಕು.

ಹಾಗೆ ನೋಡಿದ್ದು ನೆಗೆಟಿವ್‌ನಲ್ಲಿ ಉಳಿಯುತ್ತದೆ. ನಮ್ಮ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಗಣಿ ನಡೆಯುತ್ತಿದ್ದ ಕಾಲದ ಚಿತ್ರಗಳೆಲ್ಲ ಬಹುಪಾಲು ಫಿಲ್ಮಿನವೇ. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಚಿತ್ರವನ್ನು ಹಿಡಿದಿಡುವುದು ಬೆಳ್ಳಿಯ ಕಣಗಳು; ಚಿನ್ನದೂರಿನ ನೆನಪಿಗೆ ಬೆಳ್ಳಿಯೇ ಕಾವಲು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ನೆಗೆಟಿವ್‌ಗಳಿದ್ದರೆ ಎಸೆಯಬೇಡಿ. ತೇವ ತಾಗದ ಕಡೆ ಕಾಗದದ ಲಕೋಟೆಯಲ್ಲಿಡಿ. ಮೇಲೆ ಊರು, ವರ್ಷ, ಚಿತ್ರದಲ್ಲಿರುವವರ ಹೆಸರು ಬರೆದಿಡಿ.